ಅತಿವೇಗದ ನೋಟಿಸ್: ದಂಡ ಕಟ್ಟುವ ಮೊದಲು, ತಕರಾರು ಹೂಡುವ ಮೊದಲು

ಅತಿವೇಗದ ಚಾಲನೆಗೆ ದಂಡ ವಿಧಿಸುವ ನೋಟಿಸ್ ಕೈಸೇರಿದಾಗ ಹೆಚ್ಚಿನವರು ಅದನ್ನು ಪೂರ್ತಿ ಓದುವ ಮೊದಲೇ ಏನು ಮಾಡಬೇಕೆಂದು ನಿಶ್ಚಯಿಸಿಬಿಟ್ಟಿರುತ್ತಾರೆ. ಮೊತ್ತ ಚಿಕ್ಕದೆನಿಸಿದರೆ ಕಟ್ಟಿ ಕೈತೊಳೆದುಕೊಳ್ಳೋಣ ಎನ್ನುತ್ತಾರೆ. ಸಿಟ್ಟು ಬಂದರೆ ಕೋರ್ಟಿನಲ್ಲೇ ನೋಡಿಕೊಳ್ಳೋಣ ಎನ್ನುತ್ತಾರೆ. ಈ ಎರಡೂ ನಿಲುವುಗಳಲ್ಲಿ ಒಂದೇ ಕೊರತೆಯಿದೆ. ವೇಗವನ್ನು ಯಾವ ಉಪಕರಣ ಅಳೆಯಿತು, ಹೇಗೆ ಅಳೆಯಿತು, ಅಳೆದದ್ದು ನಮ್ಮ ವಾಹನವನ್ನೇ ಹೌದೋ ಅಲ್ಲವೋ ಎಂಬ ಯಾವ ವಿಷಯವನ್ನೂ ನೋಡದೆ ತೆಗೆದುಕೊಂಡ ತೀರ್ಮಾನಗಳಿವು. ಸಾಕ್ಷ್ಯವನ್ನು ಕೇಳಿ ಪಡೆಯುವುದು ಬೇರೆ, ತಕರಾರು ಹೂಡುವುದು ಬೇರೆ. ಮೊದಲನೆಯದನ್ನು ಮಾಡದೆ ಎರಡನೆಯದರ ಬಗ್ಗೆ ಹೌದೆಂದೋ ಅಲ್ಲವೆಂದೋ ಹೇಳಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ನನ್ನ ಹೆಸರಿಗೂ ಅಂಥದೊಂದು ನೋಟಿಸ್ ಬಂದಿರುವುದರಿಂದ, ಕೆಲವು ವಾರಗಳಿಂದ ಓದಿ, ಲೆಕ್ಕ ಹಾಕಿ, ತಿಳಿದವರನ್ನು ವಿಚಾರಿಸಿ ನನಗೆ ಸ್ಪಷ್ಟವಾದದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲಿಗೆ ನೋಟಿಸ್ ಎಂದರೇನು ಎಂಬುದು ಮನಸ್ಸಿನಲ್ಲಿ ಖಚಿತವಾಗಿರಬೇಕು. ಅದೊಂದು ಆರೋಪ, ತೀರ್ಪಿನ್ನೂ ಬಂದಿರುವುದಿಲ್ಲ. ಆದರೆ ದಂಡ ಕಟ್ಟಿದೊಡನೆ ಆ ಆರೋಪವನ್ನು ಒಪ್ಪಿಕೊಂಡಂತೆ ಎಂದು ಅನೇಕ ದೇಶಗಳ ಕಾನೂನು ಭಾವಿಸುತ್ತದೆ, ಒಮ್ಮೆ ಕಟ್ಟಿದ ಮೇಲೆ ಪ್ರಕರಣವನ್ನು ಮತ್ತೆ ತೆರೆಸುವುದು ಬಹಳ ಕಷ್ಟ. ಆದ್ದರಿಂದ ‘ಈಗ ಕಟ್ಟಿಬಿಡೋಣ, ಆಮೇಲೆ ಕೇಳಿದರಾಯಿತು’ ಎಂಬ ದಾರಿ ಸಾಮಾನ್ಯವಾಗಿ ಇರುವುದಿಲ್ಲ. ಇನ್ನೊಂದು, ಕ್ಯಾಮೆರಾ ಹಿಡಿದ ಪ್ರಕರಣಗಳಲ್ಲಿ ನೋಟಿಸ್ ಹೋಗುವುದು ವಾಹನದ ನೋಂದಾಯಿತ ಮಾಲೀಕರಿಗೆ, ಚಾಲಕರಿಗಲ್ಲ. ಕೆಲವು ಕಡೆ ಮಾಲೀಕರೇ ಹೊಣೆ ಹೊರಬೇಕು, ಕೆಲವು ಕಡೆ ಆಗ ಗಾಡಿ ಓಡಿಸುತ್ತಿದ್ದವರು ಯಾರೆಂದು ಮಾಲೀಕರು ತಿಳಿಸಬೇಕು. ಬ್ರಿಟನ್ನಿನಲ್ಲಿ ಹಾಗೆ ತಿಳಿಸಲು 28 ದಿನಗಳ ಗಡುವಿದೆ. ತಿಳಿಸದಿದ್ದರೆ ಅದೇ ಪ್ರತ್ಯೇಕ ಅಪರಾಧವಾಗುತ್ತದೆ, ಮತ್ತು ಆ ಅಪರಾಧದ ಶಿಕ್ಷೆ ಮೂಲ ಅತಿವೇಗದ್ದಕ್ಕಿಂತ ಭಾರವಾಗಿರಬಹುದು. ಗಡುವುಗಳು ಅಧಿಕಾರಿಗಳನ್ನೂ ಕಟ್ಟಿಹಾಕುತ್ತವೆ ಎಂಬುದನ್ನು ಮರೆಯಬಾರದು. ಅದೇ ದೇಶದಲ್ಲಿ, ಸ್ಥಳದಲ್ಲೇ ತಡೆದು ಎಚ್ಚರಿಸದ ಪ್ರಕರಣಗಳಲ್ಲಿ, ಘಟನೆಯಾದ 14 ದಿನಗಳೊಳಗೆ ನೋಂದಾಯಿತ ಮಾಲೀಕರಿಗೆ ನೋಟಿಸ್ ತಲುಪಬೇಕೆಂದು 1988ರ ಕಾಯಿದೆಯೊಂದು ಹೇಳುತ್ತದೆ, ಕೆಲವು ವಿನಾಯಿತಿಗಳನ್ನು ಬಿಟ್ಟು. ಜರ್ಮನಿಯಲ್ಲಿ ದಂಡದ ಆದೇಶ ಕೈಸೇರಿದ ಎರಡು ವಾರಗಳಲ್ಲಿ ಆಕ್ಷೇಪಣೆ ಸಲ್ಲಿಸದಿದ್ದರೆ ಅದು ಅಂತಿಮವಾಗಿಬಿಡುತ್ತದೆ. ಆದ್ದರಿಂದ ನೋಟಿಸಿನಲ್ಲಿ ಮೊದಲು ಕಣ್ಣು ಹಾಯಿಸಬೇಕಾದದ್ದು ಮೂರು ತಾರೀಖುಗಳ ಮೇಲೆ: ಘಟನೆಯದು, ನೋಟಿಸ್ ಹೊರಟದ್ದು, ಉತ್ತರಿಸಲು ಕಡೆಯದು. ದಂಡದ ಮೊತ್ತವನ್ನು ಆಮೇಲೆ ನೋಡಬಹುದು.

ಸುಲಭವಾದ ಪ್ರಕರಣಗಳನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಚಿತ್ರದಲ್ಲಿರುವ ವಾಹನ ನಿಮ್ಮದಲ್ಲ, ನಂಬರ್ ಪ್ಲೇಟಿನ ಒಂದು ಅಕ್ಷರವನ್ನು ಯಂತ್ರ ತಪ್ಪಾಗಿ ಓದಿದೆ, ಗಾಡಿಯನ್ನು ಆ ತಾರೀಖಿಗೆ ಮೊದಲೇ ಮಾರಿ ಕಾಗದಪತ್ರ ವರ್ಗಾಯಿಸಿದ್ದೀರಿ, ಅಥವಾ ನಿಮ್ಮ ನಂಬರನ್ನು ಯಾರೋ ನಕಲು ಮಾಡಿಕೊಂಡಿದ್ದಾರೆ ಎಂದಾದರೆ ಯೋಚಿಸಲು ಏನೂ ಇಲ್ಲ, ದಾಖಲೆ ಲಗತ್ತಿಸಿ ಕೂಡಲೇ ಆಕ್ಷೇಪಿಸಬೇಕು. ಇಂಥವು ಬಹುಮಟ್ಟಿಗೆ ಪತ್ರದಲ್ಲೇ ಬಗೆಹರಿಯುತ್ತವೆ.

ಕಷ್ಟದ್ದು ಉಳಿದ ಪ್ರಕರಣಗಳು: ವಾಹನ ನಮ್ಮದೇ, ಓಡಿಸಿದ್ದು ನಾವೇ, ಆದರೆ ನೋಟಿಸಿನಲ್ಲಿರುವ ಅಂಕಿ ನಂಬಲಾಗುತ್ತಿಲ್ಲ. ಇಲ್ಲಿ ನಮ್ಮ ನೆನಪನ್ನೇ ಮೊದಲು ಪರೀಕ್ಷೆಗೆ ಒಡ್ಡಬೇಕು. ಹೆದ್ದಾರಿಯಲ್ಲಿ ಬಹಳ ಹೊತ್ತು ವೇಗವಾಗಿ ಬಂದ ಚಾಲಕರಿಗೆ ನಂತರದ ಕಡಿಮೆ ವೇಗದ ರಸ್ತೆಯಲ್ಲಿ ತಾವು ನಿಜಕ್ಕಿಂತ ನಿಧಾನವಾಗಿ ಹೋಗುತ್ತಿದ್ದೇವೆ ಎಂಬ ಭಾವನೆ ಬರುತ್ತದೆ. ಕಣ್ಣು ವೇಗಕ್ಕೆ ಒಗ್ಗಿಹೋಗಿರುತ್ತದೆ. ‘ಅಷ್ಟು ವೇಗ ಇರಲೇ ಇಲ್ಲ’ ಎಂಬ ಭಾವನೆ ಎಷ್ಟೇ ಪ್ರಾಮಾಣಿಕವಾಗಿದ್ದರೂ, ಅದು ಸಾಕ್ಷ್ಯವಾಗಲಾರದು. ಆದರೆ ಸ್ಪೀಡೋಮೀಟರ್ ನೋಡಿದ ನೆನಪು ಸ್ಪಷ್ಟವಾಗಿದ್ದರೆ ಅದಕ್ಕೆ ಬೆಲೆಯಿದೆ. ವಿಶ್ವಸಂಸ್ಥೆಯ ಆಶ್ರಯದಲ್ಲಿ ರೂಪುಗೊಂಡು ಅನೇಕ ದೇಶಗಳು ಪಾಲಿಸುವ 39ನೇ ವಾಹನ ನಿಯಮದ ಪ್ರಕಾರ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತೆಯೇ ಇಲ್ಲ. ಹೆಚ್ಚು ತೋರಿಸಬಹುದು, ಅದೂ ನಿಜ ವೇಗದ ಹತ್ತನೇ ಒಂದು ಭಾಗ ಮತ್ತು ಅದರ ಮೇಲೆ ಗಂಟೆಗೆ 4 ಕಿ.ಮೀ.ವರೆಗೆ ಮಾತ್ರ. ಅಂದರೆ ನಿಜವಾಗಿ 60ರಲ್ಲಿ ಹೋಗುವ ಕಾರಿನ ಮುಳ್ಳು 70ರವರೆಗೂ ತೋರಿಸಬಹುದು, 59 ತೋರಿಸಬಾರದು. ಹಾಗಾಗಿ ಮುಳ್ಳು ಮಿತಿಯೊಳಗಿದ್ದುದನ್ನು ನೀವು ಕಂಡಿದ್ದರೆ ಮತ್ತು ಟೈರುಗಳು ಕಾರಿನ ತಯಾರಕರು ಸೂಚಿಸಿದ ಅಳತೆಯವೇ ಆಗಿದ್ದರೆ, ನಿಮ್ಮ ಸಂಶಯಕ್ಕೆ ಒಂದು ನೆಲೆ ಸಿಗುತ್ತದೆ. ಅದಕ್ಕಿಂತ ದೊಡ್ಡ ಟೈರು ಹಾಕಿಸಿದ್ದರೆ ಈ ವಾದ ನಿಮ್ಮ ವಿರುದ್ಧವೇ ತಿರುಗುತ್ತದೆ, ಏಕೆಂದರೆ ಚಕ್ರದ ಸುತ್ತಳತೆ ಹೆಚ್ಚಾದಾಗ ಮುಳ್ಳು ಕಡಿಮೆ ತೋರಿಸುತ್ತದೆ. ಡ್ಯಾಶ್‌ಕ್ಯಾಮ್ ಅಥವಾ ಫೋನಿನ ನಕ್ಷೆಯಲ್ಲಿ ಉಳಿದ ಜಿಪಿಎಸ್ ದಾಖಲೆ ಇದ್ದರೆ ಅಳಿಸಿಹೋಗುವ ಮುನ್ನ ತೆಗೆದಿಟ್ಟುಕೊಳ್ಳಬೇಕು, ಅದು ನಮ್ಮ ವಿರುದ್ಧ ಹೇಳಿದರೂ ಸರಿ. ಸತ್ಯ ಏನೆಂದು ತಿಳಿಯುವುದೇ ಇಲ್ಲಿನ ಮೊದಲ ಕೆಲಸ.

ಇನ್ನು ಉಪಕರಣಕ್ಕೆ ಬರೋಣ. ವಾಹನದತ್ತ ರೇಡಿಯೊ ಅಲೆ ಕಳಿಸಿ ಅದರ ವೇಗವನ್ನು ಅಳೆಯುವ ರಾಡಾರ್ ಗನ್ನಿನ ಹಿಂದಿರುವ ತತ್ವವನ್ನು ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ಪ್ರಾಗ್ ನಗರದಲ್ಲಿ ಮಂಡಿಸಿದ: ಸಮೀಪಿಸುವ ವಸ್ತುವಿನಿಂದ ಬರುವ ಅಲೆಯ ಆವರ್ತನ ಹೆಚ್ಚುತ್ತದೆ, ದೂರ ಸರಿಯುವ ವಸ್ತುವಿನದು ತಗ್ಗುತ್ತದೆ. 24.15 ಗಿಗಾಹರ್ಟ್ಸ್‌ನ ರಾಡಾರ್ ಅಲೆ ವಾಹನಕ್ಕೆ ತಾಗಿ ಮರಳಿದಾಗ, ಗಂಟೆಗೆ 1 ಕಿ.ಮೀ. ವೇಗಕ್ಕೆ ಸುಮಾರು 45 ಹರ್ಟ್ಸ್‌ನಷ್ಟು ಆವರ್ತನ ಬದಲಾಗುತ್ತದೆ, ಆ ಬದಲಾವಣೆಯನ್ನು ಯಂತ್ರ ವೇಗಕ್ಕೆ ಪರಿವರ್ತಿಸುತ್ತದೆ. ಈ ಅಳತೆ ಎಷ್ಟು ಗಟ್ಟಿಯೆಂದರೆ, ಅದರ ಭೌತವಿಜ್ಞಾನವನ್ನು ಪ್ರತಿ ಪ್ರಕರಣದಲ್ಲೂ ತಜ್ಞರಿಂದ ಸಾಬೀತುಪಡಿಸಬೇಕಾಗಿಲ್ಲ ಎಂದು ಅಮೆರಿಕದ ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ 1955ರಲ್ಲೇ ಹೇಳಿತು. ರಾಡಾರ್ ತತ್ವವನ್ನೇ ಪ್ರಶ್ನಿಸಿ ಗೆಲ್ಲುವ ಕಾಲ ಎಂದೋ ಮುಗಿದುಹೋಗಿದೆ. ಕೋನದ ವಿಷಯದಲ್ಲೂ ಜನರಲ್ಲಿ ತಪ್ಪು ಕಲ್ಪನೆಯಿದೆ. ರಸ್ತೆಬದಿಯಲ್ಲಿ ನಿಂತ ರಾಡಾರ್ ವಾಹನವನ್ನು ಓರೆಯಾಗಿ ನೋಡಿದಾಗ ಅದು ತೋರಿಸುವ ವೇಗ ನಿಜಕ್ಕಿಂತ ಕಡಿಮೆ: 100 ಕಿ.ಮೀ. ವೇಗದ ವಾಹನವನ್ನು 20 ಡಿಗ್ರಿ ಕೋನದಿಂದ ನೋಡಿದರೆ 94 ಎಂದು ತೋರುತ್ತದೆ. ಅಂದರೆ ಆ ದೋಷ ಚಾಲಕರ ಪರವಾಗಿಯೇ ಇರುತ್ತದೆ. ಚಲಿಸುತ್ತಿರುವ ಪೊಲೀಸ್ ವಾಹನದಿಂದ ಅಳೆದಾಗ ಮಾತ್ರ ಸಂಗತಿ ಬೇರೆಯಾಗಬಹುದು. ಎದುರಿನಿಂದ ಬರುವ ವಾಹನದ ವೇಗವನ್ನು ಅಳೆಯುವಾಗ ಯಂತ್ರ ಒಟ್ಟು ಸಮೀಪಿಸುವ ವೇಗದಿಂದ ತನ್ನದೇ ವೇಗವನ್ನು ಕಳೆಯುತ್ತದೆ. ತನ್ನ ವೇಗವನ್ನೇ ಅದು ಕಡಿಮೆಯೆಂದು ಅಳೆದುಕೊಂಡಿದ್ದರೆ, ಕಳೆಯದೆ ಉಳಿದ ಅಷ್ಟೂ ಎದುರಿನವರ ಲೆಕ್ಕಕ್ಕೆ ಸೇರುತ್ತದೆ.

ನನ್ನ ದೃಷ್ಟಿಯಲ್ಲಿ ರಾಡಾರಿನ ನಿಜವಾದ ದೌರ್ಬಲ್ಯ ಇರುವುದು ‘ಯಾವ ವಾಹನ’ ಎಂಬ ಪ್ರಶ್ನೆಯಲ್ಲಿ. ಅದರ ಕಿರಣ ಟಾರ್ಚಿನ ಬೆಳಕಿನಂತೆ ದೂರ ಹೋದಷ್ಟೂ ಹರಡಿಕೊಳ್ಳುತ್ತದೆ. 12 ಡಿಗ್ರಿ ಅಗಲದ ಕಿರಣ 300 ಮೀಟರ್ ದೂರದಲ್ಲಿ 60 ಮೀಟರಿಗೂ ಹೆಚ್ಚು ಅಗಲವಾಗಿರುತ್ತದೆ; ರಸ್ತೆಯ ಎಲ್ಲ ಲೇನುಗಳೂ ಅದರೊಳಗೆ ಬರುತ್ತವೆ. ಹತ್ತಿರದ ಸಣ್ಣ ಕಾರಿಗಿಂತ ಹಿಂದಿರುವ ದೊಡ್ಡ ಲಾರಿಯ ಪ್ರತಿಫಲನ ಬಲವಾಗಿರಬಹುದು. ಲೇಸರ್ ಗನ್ನಿನಲ್ಲಿ ಈ ತೊಂದರೆ ಬಹಳ ಕಡಿಮೆ: ಅದರ ಕಿರಣ 300 ಮೀಟರಿನಲ್ಲಿ ಹರಡುವುದು ಸರಿಸುಮಾರು ಒಂದು ಮೀಟರ್ ಮಾತ್ರ. ಅದು ಕಣ್ಣಿಗೆ ಕಾಣದ ಬೆಳಕಿನ ಮಿಡಿತಗಳನ್ನು ಒಂದರ ಹಿಂದೊಂದು ಕಳಿಸಿ, ಪ್ರತಿಯೊಂದೂ ಮರಳಲು ತೆಗೆದುಕೊಂಡ ಸಮಯದಿಂದ ದೂರವನ್ನು ಲೆಕ್ಕ ಹಾಕಿ, ದೂರ ಎಷ್ಟು ಬೇಗ ಕಡಿಮೆಯಾಗುತ್ತಿದೆ ಎಂಬುದರಿಂದ ವೇಗವನ್ನು ಕಂಡುಹಿಡಿಯುತ್ತದೆ. ಕೈ ಅಲುಗಿ ಕಿರಣ ವಾಹನದ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಜಾರಿದರೆ ತಪ್ಪಾಗುವ ಸಾಧ್ಯತೆ ಇದೆಯಾದರೂ, ಹಾಗೆ ಹೊಂದಿಕೆಯಾಗದ ಅಳತೆಗಳನ್ನು ತಿರಸ್ಕರಿಸುವಂತೆಯೇ ಈ ಯಂತ್ರಗಳನ್ನು ರೂಪಿಸಿರುತ್ತಾರೆ.

ಯಂತ್ರ ತಪ್ಪುವುದೇ ಇಲ್ಲ ಎನ್ನುವವರಿಗೆ ಎರಡು ಪ್ರಸಂಗಗಳನ್ನು ನೆನಪಿಸಬಯಸುತ್ತೇನೆ. 1979ರಲ್ಲಿ ಅಮೆರಿಕದ ಮಯಾಮಿಯಲ್ಲಿ ಟಿವಿ ವರದಿಯೊಂದು ತಾಳೆಮರವೊಂದರ ವೇಗವನ್ನು ರಾಡಾರ್ ಗಂಟೆಗೆ 86 ಮೈಲಿ ಎಂದು ತೋರಿಸಿದ್ದನ್ನು ಪ್ರಸಾರ ಮಾಡಿತು. ಅದೇ ವರ್ಷ ಅಲ್ಲಿನ ಕೌಂಟಿ ನ್ಯಾಯಾಲಯವೊಂದು, ತಜ್ಞರ ಹೇಳಿಕೆಗಳನ್ನು ಆಲಿಸಿ, ಆಗ ಬಳಕೆಯಲ್ಲಿದ್ದ ರೀತಿಯಲ್ಲಿ ಆ ಉಪಕರಣಗಳ ಅಂಕಿಗಳು ಸಂಶಯಕ್ಕೆ ಎಡೆಯಿಲ್ಲದಂತೆ ಅಪರಾಧವನ್ನು ಸ್ಥಾಪಿಸಲಾರವು ಎಂದಿತು. ನಂತರದ ವರ್ಷಗಳಲ್ಲಿ ಉಪಕರಣಗಳು ಸುಧಾರಿಸಿದವು ನಿಜ. ಆದರೂ 2012ರಲ್ಲಿ ಬಾಲ್ಟಿಮೋರ್ ನಗರದಲ್ಲಿ ಕೆಂಪು ದೀಪದ ಮುಂದೆ ನಿಂತಿದ್ದ ಕಾರಿಗೆ, ಗಂಟೆಗೆ 38 ಮೈಲಿ ವೇಗದಲ್ಲಿ ಹೋಯಿತೆಂದು ಕ್ಯಾಮೆರಾ ನೋಟಿಸ್ ಹೊರಟಿತು. ಕಾರು ಚಲಿಸಿರಲಿಲ್ಲ ಎಂಬುದು ಆ ಕ್ಯಾಮೆರಾ ತೆಗೆದ ಚಿತ್ರಗಳಿಂದಲೇ ಕಾಣುತ್ತಿತ್ತು. ಪತ್ರಿಕೆಯೊಂದರ ತನಿಖೆಯಿಂದ ಇಂಥ ದೋಷಗಳು ಹೊರಬಿದ್ದ ಬಳಿಕ, 2013ರಲ್ಲಿ ನಗರಾಡಳಿತ ಆ ವ್ಯವಸ್ಥೆಯನ್ನೇ ನಿಲ್ಲಿಸಿತು. ನನಗೆ ಇದರಲ್ಲಿ ಮುಖ್ಯವೆನಿಸುವುದು ದೋಷ ಬಯಲಾದ ಬಗೆ: ಯಂತ್ರ ಕೊಟ್ಟ ಅಂಕಿ ಸುಳ್ಳೆಂದು ತೋರಿಸಿದ್ದು ಅದೇ ಯಂತ್ರ ತೆಗೆದ ಚಿತ್ರಗಳು. ಯಾರಾದರೂ ಅವನ್ನು ಒಂದರ ಪಕ್ಕ ಒಂದಿಟ್ಟು ನೋಡಬೇಕಾಗಿತ್ತು, ಅಷ್ಟೆ.

ಆ ಎರಡು ಚಿತ್ರಗಳ ಪರೀಕ್ಷೆ ಹೇಗೆಂದು ವಿವರಿಸುತ್ತೇನೆ, ಏಕೆಂದರೆ ಇದು ಯಾರ ಸಹಾಯವೂ ಇಲ್ಲದೆ ಮಾಡಬಹುದಾದದ್ದು. ರಸ್ತೆಬದಿಯ ಕ್ಯಾಮೆರಾಗಳನ್ನು ಜಗತ್ತಿಗೆ ಪರಿಚಯಿಸಿದವರಲ್ಲಿ ಪ್ರಮುಖನಾದ ಮೌಸ್ ಗಾಟ್ಸೊನೈಡಿಸ್ ಎಂಬ ಡಚ್ ವ್ಯಕ್ತಿ 1953ರ ಮಾಂಟೆ ಕಾರ್ಲೋ ರ‍್ಯಾಲಿ ಗೆದ್ದ ಚಾಲಕ. ತಿರುವುಗಳಲ್ಲಿ ತನ್ನ ವೇಗವನ್ನು ಕರಾರುವಾಕ್ಕಾಗಿ ಅಳೆದು ಇನ್ನೂ ವೇಗವಾಗಿ ಓಡಿಸಲೆಂದು ಅವನು ರೂಪಿಸಿದ ಸಾಧನವೇ ಮುಂದೆ ಅತಿವೇಗ ಹಿಡಿಯುವ ಸಾಧನವಾಯಿತು. ಅವನ ಹೆಸರಿನ ಕ್ಯಾಮೆರಾಗಳು ರಾಡಾರಿನಿಂದ ವೇಗವನ್ನು ಅಳೆದ ಮೇಲೆ ಅರ್ಧ ಸೆಕೆಂಡಿನ ಅಂತರದಲ್ಲಿ ಎರಡು ಚಿತ್ರ ತೆಗೆಯುತ್ತವೆ, ಮತ್ತು ಬ್ರಿಟನ್ನಿನಲ್ಲಿ ಅವುಗಳ ಮುಂದಿನ ರಸ್ತೆಯ ಮೇಲೆ ಅಳತೆಯ ಬಿಳಿ ಗೆರೆಗಳನ್ನು ಬಳಿದಿರುವುದನ್ನು ಕಾಣಬಹುದು. ಎರಡು ಚಿತ್ರಗಳ ನಡುವೆ ವಾಹನ ಎಷ್ಟು ಗೆರೆ ದಾಟಿತು ಎಂದು ಎಣಿಸಿದರೆ ರಾಡಾರಿನ ಅಂಕಿಗೆ ಸ್ವತಂತ್ರವಾದ ತಾಳೆ ಸಿಗುತ್ತದೆ. ಗೆರೆಗಳಿಲ್ಲದಿದ್ದರೂ ಕಾರಿನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರವನ್ನೇ ಅಳತೆಗೋಲಾಗಿ ಬಳಸಿ ಒಂದು ಮಟ್ಟದ ಅಂದಾಜು ಮಾಡಬಹುದು.

ನನ್ನ ನೋಟಿಸಿನಲ್ಲಿ ಮಿತಿ ಗಂಟೆಗೆ 60 ಕಿ.ಮೀ., ದಾಖಲಾದ ವೇಗ 79. ಅರ್ಧ ಸೆಕೆಂಡಿನ ಅಂತರದಲ್ಲಿ ಎರಡು ಚಿತ್ರ ತೆಗೆಯಲಾಗಿದೆ ಎಂದು ಬರೆದಿದ್ದಾರೆ, ಆದರೆ ಕಳಿಸಿರುವುದು ಒಂದನ್ನು ಮಾತ್ರ. ಆ ಒಂದರಲ್ಲಿ ನನ್ನ ಕಾರಿನ ಜೊತೆ, ಪಕ್ಕದ ಲೇನಿನಲ್ಲಿ ಸ್ವಲ್ಪ ಹಿಂದೆ, ಇನ್ನೊಂದು ದೊಡ್ಡ ವಾಹನವೂ ಇದೆ. 79ರ ವೇಗದಲ್ಲಿ ಅರ್ಧ ಸೆಕೆಂಡಿಗೆ ಸುಮಾರು 11 ಮೀಟರ್ ಕ್ರಮಿಸುತ್ತೇವೆ, 60ರಲ್ಲಾದರೆ 8.3 ಮೀಟರ್. ವ್ಯತ್ಯಾಸ ಎರಡೂವರೆ ಮೀಟರಿಗೆ ಮೇಲೆ, ಅಂದರೆ ನನ್ನ ಕಾರಿನ ಎರಡು ಚಕ್ರಗಳ ನಡುವಿನ ಅಂತರದಷ್ಟು. ಚಿತ್ರದಲ್ಲಿ ಅಷ್ಟು ವ್ಯತ್ಯಾಸ ಕಣ್ಣಿಗೆ ಬಿದ್ದೇ ಬೀಳುತ್ತದೆ. ನಾನು 60ರೊಳಗೇ ಇದ್ದೆ ಎಂದು ಪ್ರಮಾಣ ಮಾಡಿ ಹೇಳಲಾರೆ. 79 ಎಂಬುದನ್ನೂ ನಂಬಲಾರೆ. ಅನೇಕ ವ್ಯವಸ್ಥೆಗಳಲ್ಲಿ ಮಿತಿಯನ್ನು ಎಷ್ಟು ಮೀರಿದ್ದೀರಿ ಎಂಬುದರ ಮೇಲೆ ದಂಡದ ಮತ್ತು ಲೈಸೆನ್ಸಿನ ಮೇಲಿನ ಪರಿಣಾಮದ ಹಂತಗಳಿರುವುದರಿಂದ, ಅಂಥ ಕಡೆ ಅಪರಾಧ ನಡೆದೇ ಇಲ್ಲ ಎಂದು ವಾದಿಸದೆ, ದಾಖಲಾದ ವೇಗವಷ್ಟೇ ತಪ್ಪು ಎಂದು ಆಕ್ಷೇಪಿಸುವುದಕ್ಕೂ ಅರ್ಥವಿದೆ. ಈ ಮಧ್ಯದ ದಾರಿಯ ಬಗ್ಗೆ ಯಾರೂ ಹೆಚ್ಚು ಹೇಳುವುದಿಲ್ಲ ಎಂಬುದು ನನಗೆ ಬೇಸರದ ವಿಷಯ, ಏಕೆಂದರೆ ಪ್ರಾಮಾಣಿಕರಾದ ಅನೇಕರು ಇರುವುದು ಅಲ್ಲಿಯೇ.

ಸರಾಸರಿ ವೇಗ ಅಳೆಯುವ ಕ್ಯಾಮೆರಾಗಳ ವಿಷಯದಲ್ಲಿ ನನ್ನ ಸಲಹೆ ಬೇರೆ. ಅಲ್ಲಿ ಅಳತೆ ಮಾಡಿಟ್ಟ ಎರಡು ಬಿಂದುಗಳ ನಡುವಿನ ದೂರವನ್ನು ಕ್ರಮಿಸಿದ ಸಮಯದಿಂದ ಭಾಗಿಸುತ್ತಾರೆ, ಬೇರೇನೂ ಇಲ್ಲ. 3 ಕಿ.ಮೀ. ದೂರವನ್ನು 60ರ ವೇಗದಲ್ಲಿ ದಾಟಲು 180 ಸೆಕೆಂಡ್ ಬೇಕು, 79ರಲ್ಲಿ ಸುಮಾರು 137 ಸೆಕೆಂಡ್. 60ರಲ್ಲಿ ಹೋದವರನ್ನು 79 ಎಂದು ದಾಖಲಿಸಬೇಕಾದರೆ ಗಡಿಯಾರಗಳು ಪರಸ್ಪರ 43 ಸೆಕೆಂಡ್ ತಪ್ಪಿರಬೇಕು. ನಂಬರ್ ಪ್ಲೇಟನ್ನು ತಪ್ಪಾಗಿ ಓದಿದ್ದರ ಹೊರತು ಇಂಥ ಪ್ರಕರಣದಲ್ಲಿ ಅಳತೆಯನ್ನು ಪ್ರಶ್ನಿಸಿ ಪ್ರಯೋಜನ ಕಡಿಮೆ. ಇದಕ್ಕೆ ತದ್ವಿರುದ್ಧವಾದದ್ದು ಯಂತ್ರವೇ ಇಲ್ಲದೆ ಅಧಿಕಾರಿಯೊಬ್ಬರು ಕಣ್ಣಂದಾಜಿನಲ್ಲಿ ಹೇಳಿದ ವೇಗ. ಬ್ರಿಟನ್ನಿನ ಕಾನೂನು, ಒಬ್ಬನೇ ಸಾಕ್ಷಿಯ ಅಭಿಪ್ರಾಯವನ್ನಷ್ಟೇ ಆಧರಿಸಿ ಅತಿವೇಗದ ಅಪರಾಧಿಯೆಂದು ತೀರ್ಮಾನಿಸುವಂತಿಲ್ಲ ಎಂದು ಹೇಳುತ್ತದೆ.

ಅಧಿಕಾರಿಗಳಿಂದ ಕೇಳಬೇಕಾದ ದಾಖಲೆಗಳು ಯಾವುವು ಎಂಬುದಕ್ಕೆ ನ್ಯಾಯಾಲಯಗಳೇ ದಾರಿ ತೋರಿಸಿವೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಸುಪ್ರೀಂ ಕೋರ್ಟ್ 1978ರಲ್ಲಿ, ಚಲಿಸುವ ವಾಹನದಿಂದ ಅಳೆದ ರಾಡಾರ್ ಅಂಕಿಯನ್ನು ನಂಬಬೇಕಾದರೆ ಬಳಸಿದ ಅಧಿಕಾರಿಗೆ ತರಬೇತಿ ಮತ್ತು ಅನುಭವ ಇರಬೇಕು, ಉಪಕರಣ ಆಗ ಸರಿಯಾಗಿ ಕೆಲಸ ಮಾಡುತ್ತಿರಬೇಕು, ಅಡಚಣೆ ಕನಿಷ್ಠವಾಗಿರುವ ಪರಿಸ್ಥಿತಿಯಲ್ಲಿ ಅಳೆದಿರಬೇಕು, ಮತ್ತು ಬಂಧನ ಅಥವಾ ನೋಟಿಸಿನ ಸಮಯಕ್ಕೆ ಸಮೀಪದಲ್ಲೇ ಅದರ ನಿಖರತೆಯನ್ನು ಪರೀಕ್ಷಿಸಿರಬೇಕು ಎಂಬಂಥ ಅಂಶಗಳನ್ನು ಪರಿಗಣಿಸಿತು. ಹಾಗಾಗಿ ಕೇಳಬೇಕಾದವು ಇವು: ಎಲ್ಲ ಚಿತ್ರಗಳು, ಉಪಕರಣದ ಮಾದರಿ ಮತ್ತು ಕ್ರಮಸಂಖ್ಯೆ, ಉಪಕರಣ ಸರಿಯಾಗಿ ಅಳೆಯುತ್ತದೆಂದು ತಾಳೆ ನೋಡಿ ಕೊಟ್ಟ, ಆ ದಿನಕ್ಕೆ ಚಾಲ್ತಿಯಲ್ಲಿದ್ದ ಕ್ಯಾಲಿಬ್ರೇಷನ್ ಪ್ರಮಾಣಪತ್ರ, ಆ ದಿನ ಕೆಲಸಕ್ಕೆ ಮೊದಲು ಮತ್ತು ನಂತರ ಮಾಡಿದ ಪರೀಕ್ಷೆಯ ದಾಖಲೆ, ಬಳಸಿದವರ ತರಬೇತಿ ವಿವರ. ಜರ್ಮನಿಯಲ್ಲಿ ಈ ವಿಷಯ ಇನ್ನೂ ಮುಂದೆ ಹೋಗಿದೆ. ಜಾರ್‌ಲ್ಯಾಂಡ್ ರಾಜ್ಯದ ಸಂವಿಧಾನ ನ್ಯಾಯಾಲಯ 2019ರಲ್ಲಿ, ಉಪಕರಣವೊಂದು ತನ್ನ ಮೂಲ ಅಳತೆಗಳನ್ನು ಉಳಿಸಿಕೊಳ್ಳದ ಕಾರಣ ಆರೋಪಿತರಿಗೆ ಅದನ್ನು ನಂತರ ಪರಿಶೀಲಿಸಲು ದಾರಿಯೇ ಇರಲಿಲ್ಲ, ಇದು ನ್ಯಾಯಯುತ ವಿಚಾರಣೆಯ ಹಕ್ಕಿಗೆ ಧಕ್ಕೆ ಎಂದು ತೀರ್ಪು ನೀಡಿತು. ಉಳಿದ ನ್ಯಾಯಾಲಯಗಳೆಲ್ಲ ಅದನ್ನು ಒಪ್ಪಲಿಲ್ಲ. ಆದರೆ 2020ರಲ್ಲಿ ಆ ದೇಶದ ಒಕ್ಕೂಟ ಸಂವಿಧಾನ ನ್ಯಾಯಾಲಯ, ಕಡತದಲ್ಲಿ ಸೇರಿಸದಿದ್ದರೂ ಅಧಿಕಾರಿಗಳ ಬಳಿ ಇರುವ ಅಳತೆಯ ಮಾಹಿತಿಯನ್ನು ಆರೋಪಿತರು ಕೇಳಿ ಪಡೆಯಲು ತಾತ್ವಿಕವಾಗಿ ಹಕ್ಕುಳ್ಳವರು ಎಂದಿತು. ಒಂದು ಸಣ್ಣ ದಂಡದ ವಿಷಯಕ್ಕೆ ಒಂದು ದೇಶದ ಅತ್ಯುನ್ನತ ನ್ಯಾಯಪೀಠ ಇಷ್ಟು ಗಮನ ಕೊಟ್ಟದ್ದನ್ನು ಓದಿದಾಗ ನನಗೆ ತುಂಬಾ ಸಮಾಧಾನವೆನಿಸಿತು.

ಪ್ರಮಾಣಪತ್ರದ ಅವಧಿ ಮುಗಿದಿದೆ ಎಂದು ತಿಳಿದರೆ ಏನು ಮಾಡಬೇಕು? ಕಾನೂನು ಆಗ ನಮ್ಮ ಪರವಾಗಿರಬಹುದು. ಆದರೆ ನಾವು ನಿಜಕ್ಕೂ ಆ ವೇಗದಲ್ಲೇ ಹೋಗಿದ್ದೇವೆಂದು ನಮಗೇ ಗೊತ್ತಿದ್ದರೆ ಅದನ್ನು ಹಿಡಿದುಕೊಂಡು ಬಿಡುಗಡೆ ಪಡೆಯುವುದು ನನಗೆ ಸರಿಕಾಣುವುದಿಲ್ಲ. ನೋಟಿಸ್ ಕೊಟ್ಟ ಅಧಿಕಾರಿ ವಿಚಾರಣೆಯ ದಿನ ಬಾರದಿರಲಿ ಎಂದು ಆಶಿಸಿ ತಕರಾರು ಹೂಡುವುದನ್ನೂ ನಾನು ಒಪ್ಪುವುದಿಲ್ಲ. ಇದರಲ್ಲಿ ನನ್ನೊಂದಿಗೆ ಭಿನ್ನಾಭಿಪ್ರಾಯ ಇರುವ ವಕೀಲ ಮಿತ್ರರಿದ್ದಾರೆ. ಪುರಾವೆಯ ಹೊಣೆ ಆರೋಪ ಹೊರಿಸಿದವರದು, ಅವರ ಲೋಪಕ್ಕೆ ನಾವೇಕೆ ದಂಡ ತೆರಬೇಕು ಎಂದು ಅವರು ಕೇಳುತ್ತಾರೆ. ಕಾನೂನಿನ ಮಟ್ಟಿಗೆ ಅವರು ಹೇಳುವುದು ಸರಿ. ನನ್ನ ಆಕ್ಷೇಪಕ್ಕೆ ಕಾರಣ ರಸ್ತೆಯಲ್ಲಿದೆ.

ಆ ಕಾರಣವನ್ನು ಲೆಕ್ಕದಲ್ಲೇ ಹೇಳುತ್ತೇನೆ. ಅಪಾಯ ಕಂಡು ಬ್ರೇಕಿನ ಮೇಲೆ ಕಾಲಿಡಲು ಒಂದೂವರೆ ಸೆಕೆಂಡ್ ಹಿಡಿಯುತ್ತದೆ ಎಂದುಕೊಂಡರೆ, 60ರ ವೇಗದಲ್ಲಿರುವ ಕಾರು ಅಷ್ಟರಲ್ಲಿ 25 ಮೀಟರ್ ಸಾಗಿರುತ್ತದೆ. ಒಣ ರಸ್ತೆಯಲ್ಲಿ ಬಲವಾಗಿ ಬ್ರೇಕ್ ಹಾಕಿದರೆ ಇನ್ನೂ 20 ಮೀಟರ್ ಸಾಗಿ ನಿಲ್ಲುತ್ತದೆ. ಒಟ್ಟು 45 ಮೀಟರ್. ಅದೇ ಚಾಲಕ, ಅದೇ ಕಾರು, ಅದೇ ರಸ್ತೆ, ವೇಗ ಮಾತ್ರ 80 ಆಗಿದ್ದರೆ ಬ್ರೇಕ್ ಹಿಡಿಯುವ ಹೊತ್ತಿಗೇ 33 ಮೀಟರ್ ಕಳೆದುಹೋಗಿರುತ್ತದೆ, ಮತ್ತು ಮೊದಲ ಕಾರು ಪೂರ್ತಿ ನಿಂತ ಆ 45ನೇ ಮೀಟರಿನಲ್ಲಿ ಈ ಕಾರು ಇನ್ನೂ ಗಂಟೆಗೆ ಸುಮಾರು 65 ಕಿ.ಮೀ. ವೇಗದಲ್ಲಿ ಚಲಿಸುತ್ತಿರುತ್ತದೆ. ಆ ಜಾಗದಲ್ಲಿ ರಸ್ತೆ ದಾಟುತ್ತಿದ್ದ ಮಗುವೊಂದು ಇದ್ದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ರಸ್ತೆಯಲ್ಲಿನ ಸರಾಸರಿ ವೇಗ ಶೇ 1ರಷ್ಟು ಹೆಚ್ಚಿದರೆ ಸಾವು ಸಂಭವಿಸುವ ಅಪಘಾತಗಳ ಅಪಾಯ ಶೇ 4ರಷ್ಟು ಹೆಚ್ಚುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಗಿರುವಾಗ ವೇಗಮಿತಿಯನ್ನು ಜಾರಿಗೊಳಿಸುವ ಕೆಲಸ ನಡೆಯಲೇಬೇಕು ಎಂದು ನಾನು ಬಯಸುತ್ತೇನೆ, ಮತ್ತು ಅದು ನಡೆಯಬೇಕೆಂದು ಬಯಸುವವನಾಗಿಯೇ ಅದರ ಅಳತೆಗಳು ನಿಖರವಾಗಿರಬೇಕೆಂದೂ ಒತ್ತಾಯಿಸುತ್ತೇನೆ. ನಿಂತ ಕಾರಿಗೆ ನೋಟಿಸ್ ಹೋಗುವ ಊರಿನಲ್ಲಿ ಯಾರಿಗೂ ವೇಗಮಿತಿಯ ಮೇಲೆ ಗೌರವ ಉಳಿಯುವುದಿಲ್ಲ.

ವಿಚಾರಣೆಯಲ್ಲಿ ನಿಲ್ಲದ ವಾದಗಳನ್ನೂ ಹೇಳಿಬಿಡುತ್ತೇನೆ. ಎಲ್ಲರೂ ಅದೇ ವೇಗದಲ್ಲಿ ಹೋಗುತ್ತಿದ್ದರು, ರಸ್ತೆ ಖಾಲಿಯಿತ್ತು, ಮಿತಿ ಎಷ್ಟೆಂದು ಗಮನಿಸಲಿಲ್ಲ, ಬೇಕೆಂದು ಮಾಡಿದ್ದಲ್ಲ ಎಂಬ ಮಾತುಗಳಾವುವೂ ಆರೋಪವನ್ನು ಅಲ್ಲಗಳೆಯುವುದಿಲ್ಲ, ಏಕೆಂದರೆ ಬಹುತೇಕ ಎಲ್ಲ ಕಡೆ ಅತಿವೇಗಕ್ಕೆ ಉದ್ದೇಶವನ್ನು ಸಾಬೀತುಪಡಿಸಬೇಕಾಗಿಲ್ಲ. ಹೆಚ್ಚೆಂದರೆ ಅವು ದಂಡ ತಗ್ಗಿಸಲು ಮಾಡುವ ಮನವಿಯಲ್ಲಿ ಬರಬಹುದು. ತಪ್ಪನ್ನು ಒಪ್ಪಿ ದಂಡ ತಗ್ಗಿಸಲು ಕೇಳುವುದು ತಕರಾರಿಗಿಂತ ಬೇರೆಯೇ ಆದ ಹಾದಿ. ಎರಡನ್ನೂ ಒಂದೇ ಪತ್ರದಲ್ಲಿ ಬೆರೆಸಿದರೆ ಎರಡೂ ಕೆಡುತ್ತವೆ. ಪ್ರಾಣಾಪಾಯದಲ್ಲಿದ್ದವರನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಿರಿ ಎಂದಾದರೆ ಅದಕ್ಕೆ ಆಸ್ಪತ್ರೆಯ ದಾಖಲೆ ಬೇಕು. ವೇಗಮಿತಿಯ ಫಲಕವೇ ಇರಲಿಲ್ಲ ಅಥವಾ ಮರದ ಕೊಂಬೆ ಮುಚ್ಚಿತ್ತು ಎಂಬುದು ಮಾತ್ರ ಗಟ್ಟಿಯಾದ ವಾದವಾಗಬಲ್ಲದು, ಆದರೆ ಅದಕ್ಕೆ ಆದಷ್ಟು ಬೇಗ ಆ ಸ್ಥಳಕ್ಕೆ ಹೋಗಿ ನೀವು ಬಂದ ದಿಕ್ಕಿನಿಂದಲೇ ತಾರೀಖು ಸಹಿತ ಫೋಟೊ ತೆಗೆದಿರಬೇಕು. ಕೊಂಬೆಗಳನ್ನು ಒಂದು ದಿನ ಕಡಿದೇ ಕಡಿಯುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ವಿಶೇಷವಿದೆ: ಅಲ್ಲಿನ ಅನೇಕ ರಸ್ತೆಗಳಲ್ಲಿ ವೇಗಮಿತಿಗೆ ಆಧಾರವಾಗಿ ಸಂಚಾರ ಸಮೀಕ್ಷೆ ನಡೆದಿಲ್ಲದಿದ್ದರೆ ಅಥವಾ ಅದು ಹಳತಾಗಿದ್ದರೆ ರಾಡಾರ್ ಸಾಕ್ಷ್ಯವನ್ನು ಒಪ್ಪುವುದಿಲ್ಲ. ನಮ್ಮ ವಿಷಯಕ್ಕೆ ಅನ್ವಯಿಸುವ ಕಾನೂನಿನಲ್ಲಿ ಇಂಥದೇನಿದೆ ಎಂದು ಹುಡುಕುವುದು ಒಂದು ಸಂಜೆಯ ಓದಿಗೆ ತಕ್ಕ ಕೆಲಸ.

ಖರ್ಚಿನ ಲೆಕ್ಕವನ್ನು ಮಾಡುವಾಗ ಜನ ದಂಡದ ಮೊತ್ತವನ್ನು ಮಾತ್ರ ನೋಡುತ್ತಾರೆ. ತಪ್ಪಿಗಾಗಿ ಲೈಸೆನ್ಸಿನ ಮೇಲೆ ಬೀಳುವ ದಂಡದ ಅಂಕಗಳು, ಅದರಿಂದ ಏರುವ ವಿಮೆಯ ಕಂತು, ಹಿಂದಿನ ಅಂಕಗಳಿದ್ದರೆ ಲೈಸೆನ್ಸೇ ಅಮಾನತಾಗುವ ಸಾಧ್ಯತೆ, ಇವನ್ನೂ ಸೇರಿಸಬೇಕು. ಗಾಡಿ ಓಡಿಸಿಯೇ ಜೀವನ ನಡೆಸುವವರಿಗೆ ಚಿಕ್ಕ ದಂಡವೂ ದೊಡ್ಡ ವಿಷಯ. ಇನ್ನೊಂದು ಬದಿಯಲ್ಲಿ, ತಕರಾರು ಹೂಡಿ ಸೋತರೆ ವಿಚಾರಣೆಯ ವೆಚ್ಚ ಸೇರಬಹುದು, ಬೇಗ ಕಟ್ಟಿದವರಿಗೆ ಸಿಗುವ ರಿಯಾಯಿತಿ ಕೈತಪ್ಪಬಹುದು, ಅಂಕಗಳ ಬದಲು ತರಬೇತಿ ತರಗತಿಗೆ ಹಾಜರಾಗುವ ಅವಕಾಶವೂ ಹೋಗಬಹುದು. ಕೆಲಸ ಬಿಟ್ಟು ಹೋಗಬೇಕಾದ ದಿನಗಳೂ ಇವೆ. ಬರವಣಿಗೆಯಲ್ಲೇ ವಿಚಾರಣೆ ನಡೆಸುವ ವ್ಯವಸ್ಥೆ ಇದೆಯೇ ಎಂದು ಕೇಳಿ ನೋಡಬೇಕು. ಕ್ಯಾಲಿಫೋರ್ನಿಯಾದಲ್ಲಿ ಹಾಗೆ ಬರೆದುಕೊಟ್ಟು ಸೋತವರು ಮತ್ತೆ ಖುದ್ದಾಗಿ ಹೊಸ ವಿಚಾರಣೆ ಕೇಳಬಹುದು.

ನಾನು ಈಗ ಮಾಡಿರುವುದಿಷ್ಟು. ಎರಡನೆಯ ಚಿತ್ರವನ್ನೂ ಕ್ಯಾಲಿಬ್ರೇಷನ್ ಪ್ರಮಾಣಪತ್ರವನ್ನೂ ಕೇಳಿ, ಯಾರನ್ನೂ ದೂರದೆ, ಅರ್ಧ ಪುಟದ ಪತ್ರ ಬರೆದು ಸ್ವೀಕೃತಿ ಪಡೆದುಕೊಂಡಿದ್ದೇನೆ. ದಾಖಲೆ ಕೇಳಿದ ಮಾತ್ರಕ್ಕೆ ಗಡುವು ತಾನಾಗಿ ನಿಲ್ಲುವುದಿಲ್ಲವಾದ್ದರಿಂದ, ದಾಖಲೆ ಕೈಸೇರುವವರೆಗೆ ಸಮಯ ವಿಸ್ತರಿಸಬೇಕೆಂದು ಅದೇ ಪತ್ರದಲ್ಲಿ ಕೋರಿದ್ದೇನೆ. ಕಡೆಯ ತಾರೀಖಿನೊಳಗೆ ಉತ್ತರ ಬರದಿದ್ದರೆ ಹಕ್ಕು ಉಳಿಸಿಕೊಳ್ಳಲು ಆಕ್ಷೇಪಣೆಯನ್ನು ಸಲ್ಲಿಸಿ, ನಂತರ ಬೇಕಾದರೆ ಹಿಂತೆಗೆದುಕೊಳ್ಳುತ್ತೇನೆ. ಎರಡನೆಯ ಚಿತ್ರದಲ್ಲಿ ಕಾರು ಹನ್ನೊಂದು ಮೀಟರಿನಷ್ಟು ಮುಂದೆ ಇದ್ದರೆ ದಂಡವನ್ನು ಅಂದೇ ಕಟ್ಟುತ್ತೇನೆ. ಎಂಟು ಮೀಟರಿನ ಆಸುಪಾಸಿನಲ್ಲಿದ್ದರೆ ಎರಡೂ ಚಿತ್ರಗಳನ್ನೂ ಅಳತೆಯ ಲೆಕ್ಕವನ್ನೂ ಹಿಡಿದು ವಿಚಾರಣೆಗೆ ಹೋಗುತ್ತೇನೆ.